ಬಿರುಕಿಲ್ಲದ ಗೋಡೆ

"ನನ್ನ ಮಗ ಒಬ್ಬ ಮನುಷ್ಯಾನ ಜೀವ ತಗೊಂಡಾನಂತ ಊರೆಲ್ಲ ಹೇಳಾಕತ್ತೈತ್ರಿ ಮೇಡಂ," ಎಂದು ಪಕೀರಮ್ಮ ಬಾಗಿಲಲ್ಲೇ ನಿಂತು ಹೇಳಿದಳು. "ಅವ ಕಟ್ಟಿಸಿದ ಗ್ವಾಡಿ ಕಿತ್ತು ಬಿದ್ದೈತಿ, ಕೆಳಗಿದ್ದ ಹಮಾಲ ಸತ್ತಾನ. ಪೊಲೀಸ್ರು ಭೀಮೇಶನ್ನ ಒಯ್ದಾರ. ನೀವು ಗ್ವಾಡಿ ನೋಡಿ ಖರೇ ಹೇಳ್ತೀರಂತ. ಬಂದು ನೋಡ್ರಿ."

ಭಾರತಿಯವರು ಚಹಾದ ಲೋಟ ಕೆಳಗಿಟ್ಟು ಆಕೆಯನ್ನು ಒಳಕ್ಕೆ ಕರೆದು ಕೂರಿಸಿದರು. "ನೋಡಿದ್ಮ್ಯಾಲ ನಿನ್ನ ಮಗನ ತಪ್ಪೇ ಕಂಡ್ರ ಅದನ್ನೂ ಹೇಳ್ತೀನಿ. ಆಗಬಹುದಾ?"

ಪಕೀರಮ್ಮ ಒಂದು ಕ್ಷಣವೂ ತಡೆಯಲಿಲ್ಲ. "ಆಗಲಿ. ಅವ ಕಳ್ಳತನ ಮಾಡೂ ಹುಡುಗ ಅಲ್ಲ."

ಭಾರತಿಯವರ ಮನೆ ಸಿಂಧನೂರಿನ ಪಕ್ಕದ ಆರ್.ಎಚ್. ಕ್ಯಾಂಪಿನಲ್ಲಿದೆ. ಅವರ ಅಜ್ಜ ದೇಶದ ಗಡಿಯಾಚೆಯಿಂದ ನಿರಾಶ್ರಿತರಾಗಿ ಬರಿಗೈಯಲ್ಲಿ ಬಂದು ಇಲ್ಲಿ ಭತ್ತ ಬೆಳೆದವರು. ಮೊಮ್ಮಗಳು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಕ್ರೀಟಿನ ಪಾಠ ಹೇಳಿ, ನೌಕರಿ ಬಿಟ್ಟು ಮತ್ತೆ ಅದೇ ಮನೆಗೆ ಬಂದಿದ್ದರು. ಸುತ್ತಲಿನ ಮೂರು ತಾಲೂಕುಗಳಲ್ಲಿ ಯಾವ ಕಟ್ಟಡ ಬಿರಿದರೂ ಜನ ಮೊದಲು ಹುಡುಕುವುದು ಅವರನ್ನೇ. ನಾನು ಶಿವರಾಜ. ಮಸ್ಕಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು. ಒಮ್ಮೆ ಸೀಳಿದ ನೀರಿನ ಟ್ಯಾಂಕಿನ ಫೋಟೋ ತೆಗೆಯಲು ಅವರ ಜೊತೆ ಹೋದೆ. ಅಂದಿನಿಂದ ಅವರು ಕರೆದರೆ ಮದುವೆಯ ಕೆಲಸವನ್ನಾದರೂ ಬೇರೆಯವರಿಗೆ ಒಪ್ಪಿಸಿ ಹೊರಡುವುದು ರೂಢಿಯಾಗಿಬಿಟ್ಟಿದೆ. ಅಂದೂ ಕ್ಯಾಮೆರಾ ಹೆಗಲಿಗೇರಿಸಿದೆ.

ಗೊರೇಬಾಳದ ದಾರಿಯಲ್ಲಿ, ಭತ್ತದ ಗದ್ದೆಗಳ ನಡುವೆ ಹಂಪಣ್ಣನವರ ರೈಸ್ ಮಿಲ್ ನಿಂತಿತ್ತು. ನಾಲ್ಕು ಅಂತಸ್ತು. ಮೂರನೆಯ ಅಂತಸ್ತಿನ ನಡುಮಧ್ಯೆ ಭತ್ತದಿಂದ ಅಕ್ಕಿಯನ್ನು ಬೇರ್ಪಡಿಸುವ ದೊಡ್ಡ ಜರಡಿ ಯಂತ್ರ. ಅದು ದಿನವಿಡೀ ಉತ್ತರಕ್ಕೊಮ್ಮೆ ದಕ್ಷಿಣಕ್ಕೊಮ್ಮೆ ಮೊರದಂತೆ ಜಾಡಿಸುತ್ತದೆ. ಆ ಜಾಡಿಕೆಗೆ ಕಟ್ಟಡ ಓಲಾಡಬಾರದೆಂದು ಪೂರ್ವದ ತುದಿಗೊಂದು, ಪಶ್ಚಿಮದ ತುದಿಗೊಂದು, ಬುನಾದಿಯಿಂದ ಮಾಳಿಗೆಯವರೆಗೆ ಕಬ್ಬಿಣ ತುಂಬಿದ ದಪ್ಪ ಕಾಂಕ್ರೀಟ್ ಗೋಡೆಗಳನ್ನು ಎಬ್ಬಿಸಿದ್ದರು. ಎಂಜಿನಿಯರುಗಳು ಇವನ್ನು ಶಿಯರ್ ವಾಲ್ ಎನ್ನುತ್ತಾರೆ. ಎರಡೂ ಗೋಡೆಗಳು ಒಂದೇ ಅಳತೆ, ಒಂದೇ ದಪ್ಪ, ಒಂದೇ ಕಬ್ಬಿಣ.

ಗೇಟಿನಲ್ಲಿ ಪಿಎಸ್ಐ ಮಮತಾ ನಮ್ಮನ್ನು ಎದುರುಗೊಂಡರು. ಮಿಲ್ ಬಂದ್ ಮಾಡಿಸಿ, ಪೂರ್ವದ ಗೋಡೆಗೆ ಕಬ್ಬಿಣದ ಆಸರೆಗಳನ್ನು ಕೊಡಿಸಿದ್ದರು. ಗೋಡೆಯ ಕೆಳಭಾಗದಲ್ಲಿ ಎರಡು ಓರೆ ಬಿರುಕುಗಳು ಒಂದನ್ನೊಂದು ಕತ್ತರಿಸಿ ದೊಡ್ಡ ಕತ್ತರಿಯ ಆಕಾರದಲ್ಲಿ ಹರಡಿದ್ದವು. ಅವು ಕೂಡುವಲ್ಲಿ ಕಾಂಕ್ರೀಟಿನ ಮೇಲ್ಪದರ ಬಾಗಿಲ ಹಲಗೆಯಷ್ಟು ಅಗಲಕ್ಕೆ ಕಳಚಿತ್ತು. ಕೆಳಗೆ ಚೀಲ ಎತ್ತುತ್ತಿದ್ದ ಉಸ್ಮಾನ್‌ಸಾಬ್ ಮತ್ತೆ ಏಳಲಿಲ್ಲ.

ಮಾಲೀಕ ಹಂಪಣ್ಣ ಹಣೆಯ ತುಂಬ ವಿಭೂತಿ ಧರಿಸಿ, ಶುಭ್ರ ಬಿಳಿ ಬಟ್ಟೆಯಲ್ಲಿ ನಿಂತಿದ್ದರು. "ಇನ್ನೇನು ನೋಡೂದೈತ್ರಿ? ಈ ಭೀಮೇಶ ಸೈಟ್ ಎಂಜಿನಿಯರ್ ಇದ್ದ. ಕಬ್ಬಿಣ ತಿಂದ, ಸಿಮೆಂಟ್ ತಿಂದ. ನನ್ನ ಹಮಾಲ ಸತ್ತ. ಇಷ್ಟ ಕತಿ."

"ಕಬ್ಬಿಣ ಹಾಕೀನ್ರೀ!" ಎಂದು ಗುತ್ತಿಗೆದಾರ ವಿರೂಪಾಕ್ಷಪ್ಪ ಸಿಡಿದರು. "ಆ ಹುಡುಗ ಒಂದು ಸರಳು ಕಡಿಮಿ ಬಿದ್ರೂ ಕಾಂಕ್ರೀಟ್ ಹಾಕಾಕ ಬಿಡ್ತಿದ್ದಿಲ್ಲ. ಜಗಳ ಆಡಿ ಆಡಿ ನನಗ ಸಾಕಾಗಿತ್ತು. ಇದು ಕರೀ ಮಣ್ಣಿನ ಎರಿ ಭೂಮಿ ಕುಸಿದು ಆಗಿದ್ದಿರಬೇಕು."

ಮ್ಯಾನೇಜರ್ ಚನ್ನು ಇಬ್ಬರ ನಡುವೆ ನಿಂತಿದ್ದ. ಅವನ ಮೇಲೂ ಗುಮಾನಿ ಇತ್ತು: ಹೆಚ್ಚು ಅಕ್ಕಿ ತೆಗೆಯಲು ಯಂತ್ರದ ವೇಗ ಏರಿಸಿದನೆಂದು ಯಾರೋ ಮಮತಾ ಅವರಿಗೆ ಹೇಳಿದ್ದರು. "ವೇಗ ಏರಿಸಬೇಕಂದ್ರ ಬೆಲ್ಟಿನ ಗಾಲಿ ಬದಲಿಸಬೇಕು. ಯಂತ್ರ ಕೂಡ್ರಿಸಿದ ದಿನದ ಗಾಲೀನ ಐತ್ರಿ," ಎಂದ. "ಬೇಕಾದ್ರ ಅಳೀರಿ."

ಭಾರತಿಯವರು ಗೋಡೆಯ ಕಡೆ ನಡೆದರು. ಸರಳು ಪತ್ತೆಹಚ್ಚುವ ಪುಟ್ಟ ಪೆಟ್ಟಿಗೆಯನ್ನು ಗೋಡೆಯ ಮೇಲೆ ಅಡ್ಡಡ್ಡ, ಉದ್ದುದ್ದ ಸರಿಸಿದರು. ಗಟ್ಟಿತನ ಅಳೆಯುವ ಸುತ್ತಿಗೆಯಿಂದ ಅಲ್ಲಲ್ಲಿ ಒತ್ತಿ ನೋಡಿದರು. ಆಮೇಲೆ ಬ್ಯಾಟರಿ ಬೆಳಕನ್ನು ಬಿರುಕಿನೊಳಗೆ ಬಿಟ್ಟು, ಅಂಚನ್ನು ಉಗುರಿನಿಂದ ಕೆರೆದರು. ಉಗುರಿಗೆ ಬಿಳಿ ಪುಡಿ ಹತ್ತಿತು.

"ಪುಟ್ಟಿ," ಎಂದರು. "ಇದು ಕಿತ್ತು ಬೀಳೂಕಿಂತ ಮೊದಲ ಬಿರುಕು ಕಂಡಿತ್ತು. ಯಾರೋ ಮೆತ್ತಿ ಮುಚ್ಚ್ಯಾರ. ಯಾರು?"

"ನನಗ ಗೊತ್ತೇ ಇಲ್ಲರೀ," ಎಂದ ಚನ್ನು. ಅವನ ಮುಖದ ಬೆರಗು ನಟನೆಯಂತೆ ಕಾಣಲಿಲ್ಲ.

"ಬಣ್ಣದವ್ರು ಹಚ್ಚಿರಬೇಕು," ಎಂದರು ಹಂಪಣ್ಣ.

ನಂತರ ಭಾರತಿಯವರು ಪಶ್ಚಿಮದ ಗೋಡೆ ನೋಡಬೇಕೆಂದರು. ಹಂಪಣ್ಣ ನಕ್ಕರು. "ಅದಕ್ಕೇನಾಗೈತ್ರಿ? ಕೂದಲಿನಂಥ ಗೆರೀನೂ ಇಲ್ಲ. ಒಳಗಡೆ ಪಡಿತರದ ಅಕ್ಕಿ ಐತಿ. ಸರ್ಕಾರದವ್ರು ಬಾಗಿಲಿಗೆ ಸೀಲ್ ಹಾಕ್ಯಾರ. ಅವರ ಕೀಲಿ ಇಲ್ಲದ ನಾನೂ ಒಂದು ಕಾಳು ಮುಟ್ಟಂಗಿಲ್ಲ."

ಹೊರಗಿನಿಂದ ಹೋಗಿ ನೋಡಿದೆವು. ಗೋಡೆಯ ಬುಡಕ್ಕೆ ಒತ್ತಿಕೊಂಡು ಆಳೆತ್ತರ ಮೀರಿದ ಭತ್ತದ ಹೊಟ್ಟಿನ ಗುಡ್ಡೆ ಇತ್ತು. ಅದರ ಮೇಲಿನ ಗೋಡೆಯೆಲ್ಲ ಅಚ್ಚುಕಟ್ಟು. ಒಂದೇ ಒಂದು ಬಿರುಕಿಲ್ಲ. ಮೇಲಿನ ಅಂತಸ್ತುಗಳಲ್ಲೂ ಹಾಗೆಯೇ. ನಾನು ಕಾಟಾಚಾರಕ್ಕೆ ಎರಡು ಫೋಟೋ ತೆಗೆದೆ. ಭಾರತಿಯವರು ಮಾತ್ರ ಪೂರ್ವದ ಗೋಡೆಯ ಮುಂದೆ ನಿಂತಿದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಂತರು.

"ನಿಮ್ಮ ಕ್ಯಾಬಿನ್ ಯಾವ ಕಡೆ ಐತಿ?" ಎಂದು ಚನ್ನುವನ್ನು ಕೇಳಿದರು.

"ಮೂರನೇ ಅಂತಸ್ತಿನಾಗ, ಪೂರ್ವಕ್ಕ."

"ಯಂತ್ರ ಓಡುವಾಗ ಚಹಾ ಚೆಲ್ಲತಿತ್ತಾ?"

"ಇಲ್ಲರೀ. ಗ್ವಾಡಿ ಕಿತ್ತು ಬೀಳೂ ಮುಂಚಿನ ಎರಡು ದಿನ ಜರಾ ನಡುಗ್ತಿತ್ತು. ಅದಕ್ಕೂ ಮೊದಲ ಏನೂ ಗೊತ್ತಾಗ್ತಿದ್ದಿಲ್ಲ."

ಮಾಳಿಗೆಯ ಎರಡೂ ತುದಿಗಳಲ್ಲಿ ಭಾರತಿಯವರು ಒಂದೊಂದು ಪುಟ್ಟ ಡಬ್ಬಿ ಇಟ್ಟರು. ಗಾಳಿ ಬೀಸಿದರೂ, ರಸ್ತೆಯಲ್ಲಿ ಲಾರಿ ಹಾದರೂ ಕಟ್ಟಡ ಕಣ್ಣಿಗೆ ಕಾಣದಷ್ಟು ತೂಗುತ್ತದೆ. ಆ ತೂಗಾಟವನ್ನು ಅವು ಹಿಡಿದಿಡುತ್ತವೆ. ಡಬ್ಬಿಗಳು ತಮ್ಮ ಕೆಲಸ ಮಾಡುತ್ತಿರಲಿ ಎಂದು ನಾವು ಉಸ್ಮಾನ್‌ಸಾಬನ ಮನೆಗೆ ಹೋದೆವು.

ಅವನ ಹೆಂಡತಿ ಖಾತೂನ್‌ಬೀ ಇದ್ದತ್ತಿನಲ್ಲಿದ್ದಳು. ಗಂಡ ತೀರಿಕೊಂಡ ಮೇಲೆ ಮನೆ ಬಿಟ್ಟು ಹೊರಡದ ಆ ತಿಂಗಳುಗಳು. ಭಾರತಿಯವರು ಒಳಗೆ ಹೋಗಿ ಕುಳಿತರು. ನಾನು ಕಟ್ಟೆಯ ಮೇಲೆ ಕುಳಿತೆ. ಪರದೆಯಾಚೆಯಿಂದ ಮಾತು ಕೇಳುತ್ತಿತ್ತು. ಖಾತೂನ್‌ಬೀಯೂ ಅದೇ ಮಿಲ್ಲಿನ ಮೂರನೆಯ ಅಂತಸ್ತಿನಲ್ಲಿ ಚೀಲಗಳ ಬಾಯಿ ಹೊಲಿಯುವವಳು.

"ನೀ ಕೂಡೂದು ಯಾವ ಕಡೆ?" ಎಂದು ಭಾರತಿಯವರು ಕೇಳಿದರು.

"ಪಡುವಣ ಗ್ವಾಡಿ ಕಡೆ. ಅಲ್ಲಿ ಕೂಡೂದು ಸಾಕಾಗಿತ್ರಿ. ಕೊಡದಾಗಿನ ನೀರು ತಾನ ತುಳುಕತಿತ್ತು."

"ಮೊದಲಿಂದಲೂ ಹಂಗ?"

"ಇಲ್ಲ. ಮೊಹರಮ್ಮಿಗೆ ಸಾಹುಕಾರ್ರು ಮಿಲ್ ಬಂದ್ ಮಾಡಿ, ಲಾರಿ ಕೊಟ್ಟು ಎಲ್ಲಾರ್ನೂ ಮುದಗಲ್ಲಿಗೆ ಕಳಿಸಿದ್ರು. ಮ್ಯಾನೇಜರ್ ಚನ್ನೂನೂ ನಮ್ಮ ಸಂಗಾಟ ಬಂದಿದ್ದ. ಆಲಮ್ ಮೆರವಣಗಿ ನೋಡಿ, ಅಲ್ಲೇ ಇದ್ದು, ಹಬ್ಬ ಮುಗಿಸ್ಕೊಂಡು ಬಂದ್ವಿ. ಬಂದು ಕೆಲಸಕ್ಕ ಕುಂತ ದಿನದಿಂದ ನೀರು ತುಳುಕಾಕತ್ತಿತು. ನಮ್ಮವ್ರಿಗೆ ಹೇಳಿದ್ರ ನಿನ್ನ ತಲಿ ತಿರುಗಾಕತ್ತೈತಿ ಅಂತ ನಕ್ಕಿದ್ರು." ಮತ್ತೆ ತಾನಾಗಿಯೇ ಹೇಳಿದಳು: "ಸಾಯೂ ಮುಂಚಿನ ದಿನ ಕೈಯೆಲ್ಲ ಬೆಳ್ಳಗ ಮಾಡ್ಕೊಂಡು ಬಂದಿದ್ರು. ಚೀಲ ಹೊರೂ ಕೈಗೆ ಸುಣ್ಣ ಯಾಕ ಅಂದೆ. ಕೆಲಸ ಹಚ್ಚ್ಯಾರ, ಸುಮ್ನಿರು ಅಂದ್ರು."

ಮರುದಿನ ಭಾರತಿಯವರು ಲಿಂಗಸುಗೂರಿಗೆ ಹೋಗೋಣವೆಂದರು. ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ, "ಮೇಡಂ, ಭೀಮೇಶ ಉಳಿತಾನಾ?"

"ಪೂರ್ವದ ಗ್ವಾಡ್ಯಾಗ ನಕ್ಷೆಯಾಗಿದ್ದಷ್ಟೂ ಕಬ್ಬಿಣ ಐತಿ. ಕಾಂಕ್ರೀಟೂ ಗಟ್ಟಿ. ಆ ಗ್ವಾಡಿ ಏನೂ ತಪ್ಪು ಮಾಡಿಲ್ಲ, ಶಿವರಾಜ."

"ಹಂಗಾರ ಯಾಕ ಬಿರೀತು?"

"ಅದನ್ನ ಕೇಳಾಕ ಬಿರಿದ ಗ್ವಾಡಿ ಕಡೆ ಹೋಗಬಾರದು," ಎಂದರು. ಮಾಳಿಗೆಯ ಡಬ್ಬಿಗಳ ಲೆಕ್ಕ ಬೆಳಿಗ್ಗೆಯೇ ಮುಗಿದಿತ್ತು. ಅವರ ಮುಖದಲ್ಲಿ ನನಗೆ ಚೆನ್ನಾಗಿ ಗೊತ್ತಿರುವ ನಿರಾಳ ಇತ್ತು.

ಲಿಂಗಸುಗೂರಿನಲ್ಲಿ ನಾವು ಹೋದದ್ದು ಶೇಖರಮ್ಮನವರ ಮನೆಗೆ. ಆಕೆ ಹಂಪಣ್ಣನ ತಂಗಿ, ಮಿಲ್ಲಿನಲ್ಲಿ ಅರ್ಧ ಪಾಲುದಾರಳು. ಅಂಗಳದ ತುಂಬ ನುಣುಪಾದ ಬೂದುಗಲ್ಲು ಹಾಸಿದ್ದರು. "ಮುದಗಲ್ ರಸ್ತೆಯಾಗ ಅಣ್ಣನ ಕ್ವಾರಿ ಐತ್ರಿ, ಅಲ್ಲೀವು," ಎಂದರು. ಭಾರತಿಯವರು ಬಾಗಿ ಒಂದು ಹಾಸಿನ ಅಂಚಿನ ಮೇಲೆ ಬೆರಳಾಡಿಸಿದರು. ಬಳಿಕ ಕೇಳಿದರು:

"ಮಿಲ್ಲಿನ ಹೊಟ್ಟು ಏನ್ ಮಾಡ್ತೀರಿ?"

"ವಾರಾವಾರ ಇಟ್ಟಂಗಿ ಭಟ್ಟಿಗೆ ಮಾರ್ತಿದ್ವಿ. ಈಗ ಅಣ್ಣ ಮಾರೂದು ಬಿಟ್ಟಾನ. ರೇಟ್ ಬರಲಿ ಅಂತಾನ. ರೇಟ್ ಚಲೋನೇ ಐತಿ, ಯಾಕೋ ಏನೋ."

"ಅದನ್ನ ತೆಗೆಸಾಕ ಪಾಲುದಾರರಾಗಿ ನೀವು ಒಪ್ಪಿಗೆ ಕೊಡ್ತೀರಾ?"

"ನಮ್ಮ ಮಿಲ್ಲಿನಾಗ ಒಬ್ಬಾಂವ ಸತ್ತಾನ. ಏನು ತೆಗಿಬೇಕು ತೆಗೀರಿ," ಎಂದರು ಶೇಖರಮ್ಮ.

ಹಿಂದಿರುಗುವಾಗ ನಾವು ಹಂಪಣ್ಣನ ಕ್ವಾರಿಯ ಬಳಿ ಕಾರು ನಿಲ್ಲಿಸಿದೆವು. ಬಂಡೆಯ ಸುತ್ತ ವಜ್ರದ ಮಣಿ ಪೋಣಿಸಿದ ತಂತಿಯೊಂದು ನೀರು ಚಿಮ್ಮಿಸುತ್ತ ಓಡುತ್ತಿತ್ತು. ದಾರ ಬೆಣ್ಣೆಯನ್ನು ಸೀಳಿದಂತೆ ಕಲ್ಲು ಸೀಳುತ್ತಿತ್ತು. ಸುತ್ತಿಗೆಯ ಪೆಟ್ಟಿಲ್ಲ, ಅದುರುವಿಕೆಯಿಲ್ಲ. ಭಾರತಿಯವರು ಅದನ್ನು ನೋಡಿದ ಮೇಲೆ ಮಮತಾ ಅವರಿಗೆ ಫೋನ್ ಮಾಡಿದರು.

ಮರುದಿನ ಬೆಳಿಗ್ಗೆ ಎಲ್ಲರೂ ಮಿಲ್ಲಿನ ಅಂಗಳದಲ್ಲಿ ಸೇರಿದರು. ಹಂಪಣ್ಣ, ಶೇಖರಮ್ಮ, ವಿರೂಪಾಕ್ಷಪ್ಪ, ಚನ್ನು, ಕೀಲಿ ಹಿಡಿದ ಪಡಿತರ ಇಲಾಖೆಯ ಒಬ್ಬ ಅಧಿಕಾರಿ. ಮಮತಾ ಅವರ ಜೀಪಿನಿಂದ ಭೀಮೇಶ ಇಳಿದ. ಮೂರೇ ದಿನಕ್ಕೆ ಅವನ ಕೆನ್ನೆಗಳು ಒಳಸೇರಿದ್ದವು. ಪಕೀರಮ್ಮ ಮಗನ ತೋಳು ಹಿಡಿದವಳು ಬಿಡಲೇ ಇಲ್ಲ.

"ಮೊದಲು ಬಿರುಕಿನ ಮಾತು ಕೇಳೂಣು," ಎಂದು ಭಾರತಿಯವರು ಆರಂಭಿಸಿದರು. "ಎರಿ ಭೂಮಿ ಕುಸಿದಿದ್ರ ಗ್ವಾಡಿ ಒಂದೇ ದಿಕ್ಕಿಗೆ ಓರೆಯಾಗಿ ಸೀಳತಿತ್ತು. ಇಲ್ಲಿ ಎರಡೂ ದಿಕ್ಕಿಗೆ ಸೀಳೈತಿ, ಕತ್ತರಿ ಹಂಗ. ಅಂದ್ರ ಯಾವುದೋ ಬಲ ಗ್ವಾಡಿನ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಜಗ್ಗೈತಿ. ಇಲ್ಲಿ ಹಂಗ ಜಗ್ಗೂದು ಒಂದೇ: ಜರಡಿ ಯಂತ್ರ."

ಹಂಪಣ್ಣ ಚನ್ನುವಿನ ಕಡೆ ತಿರುಗಿದರು. "ನಾ ಹೇಳಿದ್ದಿಲ್ಲಾ?"

"ಚನ್ನು ವೇಗ ಏರಿಸಿಲ್ಲ. ಗಾಲಿ ಅಳದು ನೋಡೀನಿ, ಕೂಡ್ರಿಸಿದಾಗ ಇದ್ದದ್ದೇ. ಕಬ್ಬಿಣಾನೂ ಕಡಿಮಿಯಿಲ್ಲ, ವಿರೂಪಾಕ್ಷಪ್ಪ ಖರೇ ಹೇಳ್ಯಾರ. ಯಂತ್ರ ಅದೇ, ಗ್ವಾಡಿ ಅದೇ. ಎರಡು ವರ್ಷ ತಡೆದ ಗ್ವಾಡಿ ಈಗ ಯಾಕ ಬಿರೀತು?" ಅವರು ಅಂಗಳದಲ್ಲಿದ್ದ ಇಬ್ಬರು ಹಮಾಲರನ್ನು ತೋರಿಸಿದರು. "ಇಬ್ರು ಕೂಡಿ ಒಂದು ದೊಡ್ಡ ತೊಲಿ ಹೊತ್ತಾರ ಅನ್ನೂಣು. ಹಿಂದಿನಾಂವ ಗುಟ್ಟಾಗಿ ಹೆಗಲು ತಪ್ಪಿಸಿದ್ರ ಯಾರ ಬೆನ್ನು ಮುರಿತೈತಿ?"

"ಮುಂದಿನಾಂವಂದು," ಎಂದರು ಮಮತಾ.

"ಬೆನ್ನು ಮುರಕೊಂಡಾಂವ ಪೂರ್ವದ ಗ್ವಾಡಿ. ಹೆಗಲು ತಪ್ಪಿಸಿದ್ದು ಪಶ್ಚಿಮದ ಗ್ವಾಡಿ. ಅದಕ್ಕ ಅದರ ಮ್ಯಾಲೆ ಒಂದು ಗೆರೀನೂ ಇಲ್ಲ. ಭಾರ ಹೊರದ ಗ್ವಾಡಿ ಬಿರಿಯೂದಿಲ್ಲ."

ಭೀಮೇಶ ತಟ್ಟನೆ ತಲೆಯೆತ್ತಿ ಪಶ್ಚಿಮದ ಕಡೆ ನೋಡಿದ.

"ಗ್ವಾಡಿ ಬಗ್ಗದಂಗ ಸೆಟೆದು ನಿಲ್ಲೂ ಗುಣಕ್ಕ ನಾವು ಬಿಗಿತ ಅಂತೀವಿ. ಬಿಗಿ ಕಮ್ಮಿ ಆದ ಕಡೆ ಕಟ್ಟಡ ಹೆಚ್ಚು ಓಲಾಡತೈತಿ. ಪೂರ್ವದ ಗ್ವಾಡಿ ಮೊದಲಿಂದ ಸೊರಗಿದ್ರ ಪೂರ್ವಕ್ಕಿರೂ ಚನ್ನೂನ ಚಹಾ ಚೆಲ್ಲಬೇಕಿತ್ತು. ಚೆಲ್ಲಲಿಲ್ಲ. ಪಶ್ಚಿಮಕ್ಕ ಕೂಡೂ ಖಾತೂನ್‌ಬೀ ಕೊಡದಾಗ ನೀರು ತುಳುಕಿತು, ಅದೂ ಪೂರ್ವದ ಗ್ವಾಡಿ ಬಿರಿಯೂಕಿಂತ ಎಷ್ಟೋ ಮೊದಲು. ಮಾಳಿಗಿ ಮ್ಯಾಲಿನ ಡಬ್ಬಿನೂ ಅದನ್ನೇ ಹೇಳ್ಯಾವ. ಇವತ್ತಿಗೂ ಪಶ್ಚಿಮದ ತುದಿ ಪೂರ್ವದ ಎರಡರಷ್ಟು ತೂಗಾಕತ್ತೈತಿ."

"ಆದ್ರ ಬರೇ ಇನ್ನೊಂದು ಗ್ವಾಡಿ ಪಾಲಿನ ಭಾರ ಮ್ಯಾಲೆ ಬಿದ್ರ ಇಷ್ಟು ಒಡೀತದಾ?" ಎಂದು ಭೀಮೇಶ ಕೇಳಿದ. ಮೂರು ದಿನಗಳಲ್ಲಿ ಅವನಾಡಿದ ಮೊದಲ ಮಾತು ಅದೇ ಎಂದು ಮಮತಾ ಆಮೇಲೆ ನನಗೆ ಹೇಳಿದರು.

ಭಾರತಿಯವರ ಕಣ್ಣುಗಳು ಮಿನುಗಿದವು. "ಚಲೋ ಕೇಳಿದಿ. ಜೋಕಾಲಿ ತಳ್ಳೂವಾಗ ಅದರ ಲಯಕ್ಕ ಸರಿಯಾಗಿ ತಳ್ಳಿದ್ರ ಸಣ್ಣ ಕೂಸು ತಳ್ಳಿದ್ರೂ ಆಕಾಶಕ್ಕ ಏರತೈತಿ. ಕಟ್ಟಡಕ್ಕೂ ತನ್ನ ಲಯ ಇರತೈತಿ. ಬಿಗಿ ಇದ್ದಾಗ ಬೇಗ ಬೇಗ ತೂಗತೈತಿ, ಬಿಗಿ ಸಡಿಲಾದ್ರ ನಿಧಾನ. ಎರಡೂ ಗ್ವಾಡಿ ನೆಟ್ಟಗಿದ್ದಾಗ ಈ ಕಟ್ಟಡದ ಲಯ ಯಂತ್ರದ ಲಯಕ್ಕಿಂತ ಬಹಳ ಮ್ಯಾಲಿತ್ತು. ಒಂದು ಗ್ವಾಡಿ ಕೈಬಿಟ್ಟ ಮ್ಯಾಲೆ ಇಳಿದು ಯಂತ್ರದ ಲಯಕ್ಕ ಬಂದು ಕೂಡ್ತು. ಅಲ್ಲಿಂದ ಯಂತ್ರದ ಒಂದೊಂದು ಜಾಡಿಕೀನೂ ಜೋಕಾಲಿ ತಳ್ಳಿದಂಗಾತು."

"ಪಶ್ಚಿಮದ ಗ್ವಾಡಿಗೆ ಏನಾಗೈತ್ರಿ? ನಿಂತೈತಲ್ಲ!" ಎಂದು ಹಂಪಣ್ಣ ದನಿಯೇರಿಸಿದರು.

"ತೋರಿಸ್ತೀನಿ," ಎಂದು ಭಾರತಿಯವರು ಶೇಖರಮ್ಮನವರ ಕಡೆ ನೋಡಿದರು. ಆಕೆ ಕೈಯೆತ್ತಿದರು. ಜೆಸಿಬಿ ಹೊಟ್ಟಿನ ಗುಡ್ಡೆಗೆ ಬಾಯಿ ಹಾಕಿತು.

ಹೊಟ್ಟು ಸರಿದಂತೆ ಗೋಡೆಯ ಬುಡದಲ್ಲಿ ಒಂದು ದೊಡ್ಡ ಪ್ಲೈವುಡ್ ಹಲಗೆ ಕಂಡಿತು. ಪೊಲೀಸರು ಅದನ್ನು ಕಿತ್ತರು. ಹಿಂದೆ ಗೋಡೆಯಿರಲಿಲ್ಲ. ಎತ್ತಿನ ಚಕ್ಕಡಿ ದಾಟುವಷ್ಟು ಅಗಲದ ತೆರಪು, ಅದರಾಚೆ ಅಕ್ಕಿ ಚೀಲಗಳ ಸಾಲು. ಉಳಿದ ಗೋಡೆ ಎರಡು ಮಗ್ಗುಲಲ್ಲಿ ಎರಡು ತೆಳ್ಳನೆಯ ಕಾಲುಗಳಂತೆ ನಿಂತಿತ್ತು. ಕೊಯ್ದ ಅಂಚು ಶೇಖರಮ್ಮನವರ ಅಂಗಳದ ಕಲ್ಲಿನಂತೆ ನುಣುಪಾಗಿತ್ತು. ಅದರಲ್ಲಿ ತುಂಡಾದ ಸರಳುಗಳು ಸಾಲಾಗಿ, ಹೊಸ ನಾಣ್ಯಗಳಂತೆ ಹೊಳೆಯುತ್ತಿದ್ದವು. ನಾನು ಎಷ್ಟು ಫೋಟೋ ತೆಗೆದೆನೋ ನನಗೇ ಗೊತ್ತಿಲ್ಲ.

"ಅದು ನಾ ಎಣಿಸಿ ಕಟ್ಟಿಸಿದ ಕಬ್ಬಿಣ," ಎಂದ ಭೀಮೇಶ.

ಅಧಿಕಾರಿ ಒಳಹೊಕ್ಕು ಚೀಲವೊಂದನ್ನು ಇರಿದರು. ಅಂಗೈಗೆ ಬಿದ್ದದ್ದು ಹುಳ ಹಿಡಿದ ಹಳೆಯ ನುಚ್ಚು. ಇನ್ನೊಂದರಲ್ಲೂ ಅದೇ. ಬಾಗಿಲಿನ ಸೀಲು ಮಾತ್ರ ಹಾಕಿದಂತೆಯೇ ಇತ್ತು.

"ಚೀಲ ಅಷ್ಟೇ ಇದ್ವು, ಅದಕ್ಕ ಯಾರಿಗೂ ಗೊತ್ತಾಗಲಿಲ್ಲ," ಎಂದರು ಭಾರತಿಯವರು. "ಒಳ್ಳೆ ಅಕ್ಕಿ ಈ ತೆರಪಿನಿಂದ ಹೋತು, ನುಚ್ಚು ಬಂತು. ಇಷ್ಟು ನುಣುಪಾಗಿ, ಸಪ್ಪಳ ಇಲ್ಲದ ಕೊಯ್ಯಾಕ ಕಲ್ಲು ಕ್ವಾರಿ ತಂತಿ ಬೇಕು. ಮಿಲ್ಲಿನಾಗ ನರಪಿಳ್ಳೆ ಇರಬಾರದು. ಮೊಹರಮ್ಮಿಗೆ ಎಲ್ಲಾರನ್ನೂ ಲಾರಿ ಹತ್ತಿಸಿ ಮುದಗಲ್ಲಿಗೆ ಕಳಿಸಿದವರು ಯಾರು? ಚನ್ನು ಅವರ ಸಂಗಾಟ ಹೋಗಿದ್ದ. ಹೊಟ್ಟು ಮಾರಬ್ಯಾಡ ಅಂದವರು ಯಾರು? ಕ್ವಾರಿ ಯಾರದು?"

ಎಲ್ಲರ ಕಣ್ಣೂ ಹಂಪಣ್ಣನ ಮೇಲಿದ್ದವು. "ತಂತಿ ಓಡಿಸಿದಾಂವ ನಿನ್ನೆ ಸಂಜೆ ಒಪ್ಪಿಕೊಂಡಾನ್ರಿ," ಎಂದು ಮಮತಾ ತಣ್ಣಗೆ ಹೇಳಿದರು.

ಹಂಪಣ್ಣ ಮಮತಾ ಅವರಿಗೆ ಕೈ ಮುಗಿದರು. "ಒಂದು ಗ್ವಾಡಿ ಇಷ್ಟೆಲ್ಲ ಕೆಲಸ ಮಾಡತೈತಂತ ನನಗೇನ್ ಗೊತ್ರೀ? ನಾ ಅಕ್ಕಿ ಮುಟ್ಟೀನಿ. ಮನುಷ್ಯಾನ ಕೊಂದಿಲ್ಲ."

"ಕೊಯ್ದಾಗ ಗೊತ್ತಿದ್ದಿಲ್ಲ, ಒಪ್ಪೀನಿ. ಬಿರುಕು ಬಂದಾಗ?" ಭಾರತಿಯವರು ಒಂದು ಹೆಜ್ಜೆ ಮುಂದೆ ಬಂದರು. "ಉಸ್ಮಾನ್‌ಸಾಬ ಸಾಯೂ ಮುಂಚಿನ ದಿನ ಕೈಯೆಲ್ಲ ಬೆಳ್ಳಗ ಮಾಡ್ಕೊಂಡು ಮನಿಗೆ ಹೋದ. ಮ್ಯಾನೇಜರಿಗೂ ಗೊತ್ತಾಗದಂಗ ಹಮಾಲನ ಕೈಗೆ ಪುಟ್ಟಿ ಕೊಟ್ಟು, ಸುಮ್ನಿರು ಅನ್ನೂವಷ್ಟು ಮಾತು ಯಾರದು ನಡೀತೈತಿ ಇಲ್ಲಿ? ಅವ ಬಿರುಕು ಕಂಡು ನಿಮ್ಮ ಹತ್ರ ಓಡಿ ಬಂದಿದ್ದ. ಹೌದಲ್ರಿ?"

ಹಂಪಣ್ಣ ನೆಲ ನೋಡಿದರು. "ಕಡೀ ಲೋಡ್ ಹೋಗೂತನಕ ತಡೀಲಿ ಅಂತ... ಎರಡ ದಿನದ ಮಾತಿತ್ತು."

ಶೇಖರಮ್ಮ ಅಣ್ಣನ ಕಡೆ ನೋಡದೆ ತಿರುಗಿ ನಿಂತರು. ಮಮತಾ ಹಂಪಣ್ಣನನ್ನು ಜೀಪು ಹತ್ತಿಸಿದರು.

ಭೀಮೇಶನನ್ನು ಅಂದೇ ಬಿಟ್ಟರು. ಪಕೀರಮ್ಮ ಮನೆಗೆ ಹೋಗೋಣ ಅಂದರೆ ಅವನು ಮೊದಲು ಉಸ್ಮಾನ್‌ಸಾಬನ ಮನೆಗೆ ಹೋಗಬೇಕೆಂದ. ಆಕೆ ಹಿಂಜರಿದಳು, ಆ ಓಣಿಯ ಜನ ಅವಳನ್ನು ಕಂಡು ಬಾಗಿಲು ಮುಚ್ಚಿಕೊಂಡಿದ್ದರಂತೆ. ಭಾರತಿಯವರು, ನಾನು ಜೊತೆಗೆ ಹೋದೆವು. ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಭೀಮೇಶ ಪರದೆಯ ಈಚೆ ಹೊಸ್ತಿಲ ಬಳಿ ಕುಳಿತ.

ಖಾತೂನ್‌ಬೀಯೇ ಮೊದಲು ಮಾತಾಡಿದಳು. "ಆ ಗ್ವಾಡಿ ಮತ್ತ ಯಾರು ಕಟ್ಟತಾರ?"

"ಶೇಖರಮ್ಮವ್ರು ನನಗ ಕಟ್ಟು ಅಂದಾರ. ಮೇಡಂ ನಿಂತು ನೋಡ್ತಾರ."

"ಕಟ್ಟು. ಇದ್ದತ್ ಮುಗಿದ ಮ್ಯಾಲೆ ನಾ ಅಲ್ಲೇ ಕೆಲಸಕ್ಕ ಬರಾಕಿ. ಕಾಂಕ್ರೀಟ್ ಹಾಕಿ ಮುಚ್ಚೂಕಿಂತ ಮೊದಲು ಒಳಗಿನ ಕಬ್ಬಿಣ ನನಗ ತೋರಿಸು. ನಾ ಕಣ್ಣಾರೆ ನೋಡಬೇಕು."

"ನೀವು ಬರೂತನಕ ಮುಚ್ಚೂದಿಲ್ಲ," ಎಂದ ಭೀಮೇಶ.

ಪರದೆಯ ಕೆಳಗಿನಿಂದ ಒಂದು ಕೈ ನೀರಿನ ಲೋಟವನ್ನು ಅವನತ್ತ ಸರಿಸಿತು. ಅವನು ಎರಡೂ ಕೈಯಲ್ಲಿ ಹಿಡಿದು ಅಷ್ಟನ್ನೂ ಕುಡಿದ.